ಗುಡ್ಡೆ ಎಲ್ಲಿ, ಸಿಕ್ಕು ಎಲ್ಲಿ: ಅಲ್ಝೈಮರ್ ಮರೆವಿನ ಹಿಂದಿರೋ ಎರಡು ಪ್ರೋಟೀನ್

ಅರವತ್ತಕ್ಕೆ ಅರಳು ಮರಳು ಅನ್ನೋ ಮಾತು ಕೇಳದೇ ಇರೋರು ಈ ಹಾಲ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ಹೇಳೋಕೆ ಚೆನ್ನಾಗಿದೆ, ಪ್ರಾಸ ಕೂಡತ್ತೆ, ಆದ್ರೆ ಆ ಮಾತಿನಿಂದ ಆಗಿರೋ ಹಾನಿ ಕಮ್ಮಿ ಏನಿಲ್ಲ. ವಯಸ್ಸಾಯ್ತು, ಮರೀತಾರೆ ಬಿಡಿ ಅಂತ ಮನೆಯವರು ಎರಡು ಮೂರು ವರ್ಷ ತಳ್ಳಿಬಿಡ್ತಾರೆ, ಆಮೇಲೆ ಒಂದು ದಿನ ಅವರು ಮನೆಗೆ ಬರೋ ದಾರೀನೇ ಗೊತ್ತಾಗದೆ ಎಲ್ಲೋ ನಿಂತಿರ್ತಾರೆ, ಆಗ ಡಾಕ್ಟ್ರ ಹತ್ರ ಓಡೋದು. ಅದಕ್ಕೇ ನಾನು ಈ ವಿಷಯ ಮಾತಾಡೋವಾಗೆಲ್ಲ 51 ವರ್ಷದ ಒಬ್ಬ ಹೆಂಗಸಿನ ಕಥೆಯಿಂದ ಶುರು ಮಾಡ್ತೀನಿ, ಅರವತ್ತಕ್ಕೆ ಇನ್ನೂ ಒಂಬತ್ತು ವರ್ಷ ಬಾಕಿ ಇತ್ತು ಅವರಿಗೆ.

1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಅನ್ನೋರು ಬಂದು ಸೇರ್ತಾರೆ. ನೋಡ್ಕೊಂಡಿದ್ದು ಆಲೊಯಿಸ್ ಅಲ್ಝೈಮರ್ ಅನ್ನೋ ಡಾಕ್ಟ್ರು. ಅವರು ಪ್ರಶ್ನೆ ಉತ್ತರ ಎಲ್ಲ ಹಾಗ್ಹಾಗೇ ಬರೆದಿಟ್ಟಿದಾರೆ. ನಿಮ್ಮ ಹೆಸರು? ಆಗುಸ್ಟೆ. ಮನೆತನದ ಹೆಸರು? ಆಗುಸ್ಟೆ. ಗಂಡನ ಹೆಸರು? ಸ್ವಲ್ಪ ತಡೆದು, ಆಗುಸ್ಟೆ ಅನ್ಸತ್ತೆ. ಮಧ್ಯಾಹ್ನ ಊಟಕ್ಕೆ ಹೂಕೋಸು, ಹಂದಿ ಮಾಂಸ ಕೊಟ್ಟಿದಾರೆ, ಏನು ತಿಂತಾ ಇದೀರಿ ಅಂತ ಕೇಳಿದ್ರೆ ಪಾಲಕ್ ಸೊಪ್ಪು ಅಂತಾರೆ. ನನಗೆ ಇವೆಲ್ಲಕ್ಕಿಂತ ಮುಖ್ಯ ಅನ್ಸೋದು ಇನ್ನೊಂದು ಸಾಲು. ಶ್ರೀಮತಿ ಆಗುಸ್ಟೆ ಡಿ. ಅಂತ ಬರೀರಿ ಅಂದ್ರೆ ಅವರು ಶ್ರೀಮತಿ ಅಂತ ಬರೆದು ಅಲ್ಲೇ ನಿಂತ್ಬಿಡ್ತಾರೆ, ಮಿಕ್ಕಿದ್ದನ್ನ ಮತ್ತೆ ಮತ್ತೆ ಹೇಳ್ಬೇಕು, ಯಾಕಂದ್ರೆ ಒಂದು ಪದ ಬರೆಯೋಷ್ಟರಲ್ಲಿ ಮುಂದಿನದು ಹೋಗಿರತ್ತೆ. ಅಕ್ಷರ ಬರತ್ತೆ, ಕೈಗೂ ಏನೂ ಆಗಿಲ್ಲ, ಈಗಷ್ಟೇ ಕೇಳಿದ್ದು ಮಾತ್ರ ಒಳಗೆ ಕೂರ್ತಾ ಇಲ್ಲ. ಈ ಸಾಲನ್ನ ತಲೇಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

1906ರ ಏಪ್ರಿಲ್‌ನಲ್ಲಿ ಅವರು ತೀರ್ಕೊಂಡ್ರು. ಅಷ್ಟೊತ್ತಿಗೆ ಅಲ್ಝೈಮರ್ ಮ್ಯೂನಿಕ್‌ಗೆ ಹೋಗಿದ್ರು, ಮೆದುಳನ್ನ ಅಲ್ಲಿಗೇ ತರಿಸ್ಕೊಂಡು ತೆಳ್ಳಗೆ ಕೊಯ್ದು ಬೆಳ್ಳಿ ಲವಣದ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರು. ಎರಡು ವಿಚಿತ್ರ ಕಂಡ್ವು. ನರಕೋಶಗಳ ಹೊರಗಡೆ, ನಡುನಡುವೆ, ಏನೋ ಹೆಪ್ಪುಗಟ್ಟಿದಂಥ ಗುಡ್ಡೆಗಳು. ನರಕೋಶಗಳ ಒಳಗಡೆ, ಸಿಕ್ಕುಬಿದ್ದ ದಾರದ ಥರ ಎಳೆಗಳು. ಅದೇ ವರ್ಷ ನವೆಂಬರ್ 3ಕ್ಕೆ ಟ್ಯೂಬಿಂಗೆನ್‌ನಲ್ಲಿ ವೈದ್ಯರ ಸಭೇಲಿ ಇದನ್ನ ಹೇಳಿದ್ರು, ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲವಂತೆ. (ನೀವು ಹಾಗೆ ಮಾಡಬೇಡಿ, ಕೊನೇಲಿ ಟೈಮ್ ಇಟ್ಟಿದೀನಿ.) 1910ರಲ್ಲಿ ಎಮಿಲ್ ಕ್ರೇಪೆಲಿನ್ ಅನ್ನೋ ಮನೋವೈದ್ಯರು ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಅಲ್ಝೈಮರ್ ಹೆಸರಿಟ್ರು. ಆಗುಸ್ಟೆ ಅವರ ಫೈಲ್ ಮಾತ್ರ ಎಲ್ಲೋ ಕಳೆದುಹೋಗಿ, ಕೊನೆಗೆ 1995ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆ ದಾಖಲೆಗಳ ರಾಶೀಲಿ ಸಿಕ್ತು. ಮರೆವಿನ ಕಾಯಿಲೆಯ ಮೊದಲನೇ ಫೈಲೇ ಮರೆತುಹೋಗಿತ್ತು ನೋಡಿ.

ಆ ಗುಡ್ಡೆಗೆ ಪ್ಲೇಕ್ ಅಂತಾರೆ, ಸಿಕ್ಕಿಗೆ ಟ್ಯಾಂಗಲ್ ಅಂತಾರೆ. ಪ್ಲೇಕ್ ಅಂದ ತಕ್ಷಣ ಹಲ್ಲಿನ ಮೇಲೆ ಕಟ್ಟೋದು ಜ್ಞಾಪಕ ಬರತ್ತೆ, ರಕ್ತನಾಳದಲ್ಲಿ ಕೊಬ್ಬು ಕಟ್ಟೋದು ಜ್ಞಾಪಕ ಬರತ್ತೆ, ಅವೆರಡೂ ಬೇರೆ, ಇದು ಬೇರೆ, ಹೆಸರು ಒಂದೇ ಆಗಿ ಗೊಂದಲ ಅಷ್ಟೇ. ಹಾಗಾಗಿ ನಾನು ಇವತ್ತು ಗುಡ್ಡೆ, ಸಿಕ್ಕು ಅಂತಲೇ ಹೇಳ್ತೀನಿ. ಗುಡ್ಡೆ ಆಗಿರೋದು ಅಮಿಲಾಯ್ಡ್ ಬೀಟಾ ಅನ್ನೋ ಪ್ರೋಟೀನ್ ತುಣುಕಿನಿಂದ, ಸಿಕ್ಕು ಆಗಿರೋದು ಟಾವ್ ಅನ್ನೋ ಪ್ರೋಟೀನ್‌ನಿಂದ. ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ, ಇವು ಹೊರಗಿನಿಂದ ಬಂದ ವಿಷ ಅಂತ. ಎರಡೂ ನಮ್ಮವೇ. ಈಗ ಇಲ್ಲಿ ಕೂತಿರೋ ಅಷ್ಟೂ ಜನರ ಮೆದುಳಲ್ಲೂ, ನನ್ನದರಲ್ಲೂ, ಈ ಕ್ಷಣ ಅಮಿಲಾಯ್ಡ್ ಬೀಟಾ ತಯಾರಾಗ್ತಾ ಇದೆ.

ಹೇಗೆ ತಯಾರಾಗತ್ತೆ ಅಂದ್ರೆ, ನರಕೋಶದ ಹೊದಿಕೇಲಿ ಎಪಿಪಿ ಅಂತ ಒಂದು ಉದ್ದದ ಪ್ರೋಟೀನ್ ಬಹುಪಾಲು ಹೊರಗೆ ಸ್ವಲ್ಪ ಒಳಗೆ ಅಂತ ನೆಟ್ಕೊಂಡಿರತ್ತೆ, ಅದನ್ನ ಕತ್ತರಿಸೋಕೆ ಕತ್ತರಿ ಥರದ ಕಿಣ್ವಗಳಿವೆ. ಒಂದು ಜಾಗದಲ್ಲಿ ಬೀಟಾ ಸೆಕ್ರಿಟೇಸ್ ಕತ್ತರಿಸಿ, ಇನ್ನೊಂದು ಕಡೆ ಗಾಮಾ ಸೆಕ್ರಿಟೇಸ್ ಕತ್ತರಿಸಿದ್ರೆ ಮಧ್ಯದ ಚೂರು ಉದುರಿ ಹೊರಗೆ ಬೀಳತ್ತೆ. ಅದೇ ಅಮಿಲಾಯ್ಡ್ ಬೀಟಾ. ಗಾಮಾ ಕತ್ತರಿ ಒಂದೇ ಅಳತೆಗೆ ಕತ್ತರಿಸಲ್ಲ, ಹೆಚ್ಚಿನ ಚೂರುಗಳು 40 ಅಮೈನೋ ಆಮ್ಲ (ಪ್ರೋಟೀನ್ ಸರದ ಮಣಿಗಳು ಅನ್ಕೊಳ್ಳಿ) ಉದ್ದ ಇರ್ತವೆ, ಕೆಲವು 42 ಇರ್ತವೆ. ಬರೀ ಎರಡು ಹೆಚ್ಚು. ಆದ್ರೆ ಆ ಎರಡರಿಂದ ಅಂಟುಗುಣ ಜಾಸ್ತಿಯಾಗತ್ತೆ, 42ರ ಚೂರುಗಳು ಒಂದಕ್ಕೊಂದು ಕಚ್ಕೊಂಡು ಮೊದಲು ಸಣ್ಣ ಗುಂಪು, ಆಮೇಲೆ ಎಳೆ, ಆಮೇಲೆ ಗುಡ್ಡೆ. ಆರೋಗ್ಯವಾಗಿರೋ ಮೆದುಳು ಈ ಚೂರುಗಳನ್ನ ಒಡೆದು, ದ್ರವದಲ್ಲಿ ತೊಳೆದು, ರಕ್ತಕ್ಕೆ ಸಾಗಿಸಿ ಖಾಲಿ ಮಾಡ್ತಾ ಇರತ್ತೆ. ಎಚ್ಚರ ಇದ್ದಾಗ ಹೆಚ್ಚು ಬಿಡುಗಡೆ ಆಗತ್ತೆ, ನಿದ್ದೇಲಿ ಇಳಿಯತ್ತೆ, ಅದಕ್ಕೇ ನಿದ್ದೆ ಬಗ್ಗೆ ಅಷ್ಟೊಂದು ಚರ್ಚೆ. ವಯಸ್ಸಾದ್ಮೇಲೆ ಬರೋ ಸಾಮಾನ್ಯ ಅಲ್ಝೈಮರ್‌ನಲ್ಲಿ ತಯಾರಿ ಹೆಚ್ಚಾಗಿರೋದಕ್ಕಿಂತ ಖಾಲಿ ಮಾಡೋದು ನಿಧಾನ ಆಗಿರತ್ತೆ. ನಲ್ಲಿ ಅಷ್ಟೇ ಹರೀತಾ ಇದೆ, ಮೋರಿ ಕಟ್ಕೊಂಡಿದೆ.

ಅಮಿಲಾಯ್ಡ್ ಮೇಲೇ ಯಾಕೆ ಅನುಮಾನ ಅಂತ ಕೇಳಬಹುದು. ಸಾಕ್ಷಿ ಬಂದಿದ್ದು ವಂಶವಾಹಿಗಳಿಂದ. ಎಪಿಪಿಯ ಜೀನ್ ಇರೋದು 21ನೇ ಕ್ರೋಮೋಸೋಮ್‌ನಲ್ಲಿ, ಡೌನ್ ಸಿಂಡ್ರೋಮ್ ಇರೋರಿಗೆ ಆ ಕ್ರೋಮೋಸೋಮ್ ಎರಡರ ಬದಲು ಮೂರು, ಅವರಲ್ಲಿ 40 ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲರ ಮೆದುಳಲ್ಲೂ ಗುಡ್ಡೆಗಳು ಸಿಗ್ತವೆ. 1991ರಲ್ಲಿ ಚಿಕ್ಕ ವಯಸ್ಸಿಗೇ ಅಲ್ಝೈಮರ್ ಬರೋ ಒಂದು ಕುಟುಂಬದಲ್ಲಿ ಇದೇ ಜೀನ್‌ನ ದೋಷ ಸಿಕ್ತು, 1992ರಲ್ಲಿ ಜಾನ್ ಹಾರ್ಡಿ ಮತ್ತೆ ಜೆರಾಲ್ಡ್ ಹಿಗಿನ್ಸ್ ಅನ್ನೋ ವಿಜ್ಞಾನಿಗಳು ಎಲ್ಲದಕ್ಕೂ ಮೂಲ ಅಮಿಲಾಯ್ಡೇ ಅನ್ನೋ ವಾದ ಮುಂದಿಟ್ರು. ಇದಕ್ಕೆ ಉಲ್ಟಾ ಉದಾಹರಣೆನೂ ಇದೆ, ಐಸ್‌ಲ್ಯಾಂಡ್‌ನ ಕೆಲವರಲ್ಲಿ ಇದೇ ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ ಇದೆ, ಅದರಿಂದ ಬೀಟಾ ಕತ್ತರಿಗೆ ಕತ್ತರಿಸೋದು ಕಷ್ಟ, ಲ್ಯಾಬ್‌ನಲ್ಲಿ ಅಳೆದ್ರೆ ಅಮಿಲಾಯ್ಡ್ ಸುಮಾರು ಶೇ. 40 ಕಮ್ಮಿ, ಅಂಥವರಿಗೆ ಅಲ್ಝೈಮರ್ ಬರೋದೂ ಕಮ್ಮಿ. 2012ರಲ್ಲಿ ಬಂದ ವರದಿ ಅದು. ಹೆಚ್ಚಾದ್ರೆ ಕಾಯಿಲೆ, ಕಮ್ಮಿ ಆದ್ರೆ ರಕ್ಷಣೆ, ಇಷ್ಟು ನೋಡಿದ ಮೇಲೆ ಅಮಿಲಾಯ್ಡ್‌ನ ನಿರಪರಾಧಿ ಅಂತ ಬಿಡೋಕೆ ಆಗಲ್ಲ.

ಸರಿ, ಗುಡ್ಡೆ ಕಟ್ಟತ್ತೆ, ಒಪ್ಕೊಂಡ್ವಿ. ಅದರಿಂದ ನೆನಪು ಯಾಕೆ ಹೋಗ್ಬೇಕು? ಅದಕ್ಕೆ ಮೊದಲು ನೆನಪು ಅಂದ್ರೆ ಏನು ಅಂತ ಸ್ವಲ್ಪ ನೋಡ್ಬೇಕು.

ನಾವು ಮಾತಾಡೋವಾಗ ನೆನಪಿನ ಪೆಟ್ಟಿಗೆ, ನೆನಪಿನ ಉಗ್ರಾಣ ಅಂತೆಲ್ಲ ಅಂತೀವಿ, ಮೆದುಳಲ್ಲಿ ಅಂಥ ಪೆಟ್ಟಿಗೆ ಇಲ್ಲ. ಒಂದು ನರಕೋಶ ಇನ್ನೊಂದರ ಜೊತೆ ಮಾತಾಡೋ ಸಂಧಿಗೆ ಸಿನಾಪ್ಸ್ ಅಂತಾರೆ, ಒಟ್ಟಿಗೆ ಕೆಲಸ ಮಾಡಿದ ಕೋಶಗಳ ನಡುವೆ ಆ ಸಂಧಿ ಗಟ್ಟಿಯಾಗತ್ತೆ, ಹೊಸಾದೊಂದು ನೆನಪು ಅಂದ್ರೆ ಹೀಗೆ ಗಟ್ಟಿಯಾದ ಸಂಧಿಗಳ ಒಂದು ಜಾಲ. ಜನ ಓಡಾಡಿ ಓಡಾಡಿ ಹುಲ್ಲಿನ ಮೇಲೆ ಕಾಲುದಾರಿ ಬೀಳತ್ತಲ್ಲ, ಹಾಗೆ. ಈ ಕಾಲುದಾರಿ ಹಾಕೋ ಕೆಲಸದ ಮೇಸ್ತ್ರಿ ಹಿಪೊಕ್ಯಾಂಪಸ್, ಕಿವಿಯಿಂದ ನೇರ ಒಳಗೆ ಹೋದ್ರೆ ಎರಡೂ ಕಡೆ ಒಂದೊಂದು ಇದೆ, ಬಾಗಿದ ಆಕಾರ, ಸಮುದ್ರಕುದುರೆ ಥರ ಇರೋದಕ್ಕೇ ಆ ಹೆಸರು. ಮೇಸ್ತ್ರಿ ಇಲ್ದೇ ಹೋದ್ರೆ ಏನಾಗತ್ತೆ ಅಂತ ಗೊತ್ತಾಗಿದ್ದು ಹೆನ್ರಿ ಮೊಲೈಸನ್ ಅನ್ನೋ ಅಮೆರಿಕದ ಒಬ್ಬ ಯುವಕನಿಂದ. ಮೂರ್ಛೆ ರೋಗ ತಡೆಯೋಕಾಗ್ದೆ 1953ರಲ್ಲಿ, 27ನೇ ವಯಸ್ಸಿಗೆ, ಎರಡೂ ಕಡೆಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದ್ರು. ಮೂರ್ಛೆ ಕಮ್ಮಿಯಾಯ್ತು, ಆದ್ರೆ ಅವತ್ತಿನಿಂದ 2008ರಲ್ಲಿ ಸಾಯೋವರೆಗೂ ಆತನಿಗೆ ಹೊಸ ಘಟನೆ ಒಂದೂ ನೆನಪಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ದಶಕಗಳ ಕಾಲ ಆತನನ್ನ ನೋಡಿದ್ರು, ಪ್ರತಿ ಸಲ ಹೊಸದಾಗಿ ಪರಿಚಯ ಮಾಡ್ಕೋಬೇಕಿತ್ತು. ಬಾಲ್ಯದ್ದು ಮಾತ್ರ ಹೇಳ್ತಿದ್ದ. ಇನ್ನೂ ಒಂದು ಮಜಾ ಏನಂದ್ರೆ, ಕನ್ನಡಿ ನೋಡ್ಕೊಂಡು ನಕ್ಷತ್ರದ ಚಿತ್ರ ತಿದ್ದೋದನ್ನ ಕಲಿಸಿದ್ರೆ ದಿನದಿಂದ ದಿನಕ್ಕೆ ಕೈ ಪಳಗ್ತಿತ್ತು, ಇದನ್ನ ಹಿಂದೆ ಮಾಡಿದ್ದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಕೈಯ ನೆನಪಿಗೆ ಬೇರೆ ದಾರಿ.

ಈಗ ಅಮಿಲಾಯ್ಡ್‌ಗೆ ವಾಪಸ್ ಬರೋಣ. ಬಹಳ ವರ್ಷ ಎಲ್ಲರ ಕಣ್ಣು ದೊಡ್ಡ ಗುಡ್ಡೆಗಳ ಮೇಲೇ ಇತ್ತು, ಕಾಣಿಸೋದು ಅದೇ ಅಲ್ವಾ. ಆದ್ರೆ ಗುಡ್ಡೆ ಆಗೋಕೆ ಮುಂಚಿನ ಸಣ್ಣ ಗುಂಪುಗಳಿವೆಯಲ್ಲ, ಎರಡೋ ಮೂರೋ ಹತ್ತೋ ಚೂರು ಸೇರಿ ದ್ರವದಲ್ಲೇ ತೇಲಾಡೋವು, ಅವಕ್ಕೆ ಆಲಿಗೋಮರ್ ಅಂತಾರೆ, ಸಿನಾಪ್ಸ್‌ಗೆ ಹೆಚ್ಚು ತೊಂದರೆ ಕೊಡೋದು ಅವು. 2008ರಲ್ಲಿ ಒಂದು ಪ್ರಯೋಗ ಬಂತು, ಅಲ್ಝೈಮರ್‌ನಿಂದ ತೀರ್ಕೊಂಡವರ ಮೆದುಳಿಂದ ಕರಗಿರೋ ಅಮಿಲಾಯ್ಡ್ ತೆಗೆದು ಇಲಿಗಳ ಮೇಲೆ ಪ್ರಯೋಗಿಸಿದ್ರು, ಸಿನಾಪ್ಸ್ ಗಟ್ಟಿಯಾಗೋ ಪ್ರಕ್ರಿಯೆ ನಿಂತೋಯ್ತು, ಕಲ್ತಿದ್ದ ಪಾಠನೂ ಕೆಟ್ಟೋಯ್ತು. ಅದೇ ಮೆದುಳಿನ ಗುಡ್ಡೆಗಳ ಗಟ್ಟಿ ತಿರುಳನ್ನ ಹಾಕಿ ನೋಡಿದ್ರೆ ಸಿನಾಪ್ಸ್‌ಗೆ ಅಂಥದ್ದೇನೂ ಆಗಲಿಲ್ಲ, ತಿರುಳನ್ನ ಕರಗಿಸಿ ಹಾಕಿದಾಗ ಮತ್ತೆ ಹಾನಿ. ಅಂದ್ರೆ ಗುಡ್ಡೆ ಒಂಥರಾ ಗೋಡೌನ್, ಅಲ್ಲಿ ಕೂತಿರೋವಷ್ಟು ಹೊತ್ತು ಅಷ್ಟು ಉಪದ್ರವ ಇಲ್ಲ, ಸುತ್ತ ಸೋರ್ತಾ ಇರೋದೇ ತಲೆನೋವು. ಇದೇ ಕ್ಷೇತ್ರದಲ್ಲಿ ಒಂದು ಕೆಟ್ಟ ಪ್ರಕರಣನೂ ನಡೀತು, ಒಂದು ನಿರ್ದಿಷ್ಟ ಆಲಿಗೋಮರ್ ಇಲಿಗಳಲ್ಲಿ ಮರೆವು ತರತ್ತೆ ಅಂತ 2006ರಲ್ಲಿ ನೇಚರ್ ಪತ್ರಿಕೇಲಿ ಬಂದಿದ್ದ ಪ್ರಬಂಧದಲ್ಲಿ ಚಿತ್ರಗಳನ್ನ ತಿದ್ದಿದಾರೆ ಅಂತ ಗೊತ್ತಾಗಿ 2024ರಲ್ಲಿ ಅದನ್ನ ವಾಪಸ್ ತಗೊಂಡ್ರು. ಆ ಸುದ್ದಿ ಬಂದಾಗ ಅಮಿಲಾಯ್ಡ್ ಕಥೆ ಪೂರ್ತಿ ಸುಳ್ಳು ಅಂತ ವಾಟ್ಸಾಪ್‌ನಲ್ಲಿ ಓಡಾಡ್ತು, ಅದು ಅತಿ ಆಯ್ತು, ನಾನು ಆಗ್ಲೇ ಹೇಳಿದ ಜೀನ್ ಸಾಕ್ಷಿಗಳಿಗೂ ಆ ಒಂದು ಪ್ರಬಂಧಕ್ಕೂ ಸಂಬಂಧ ಇಲ್ಲ.

ಇನ್ನು ಟಾವ್. ನನಗೆ ವೈಯಕ್ತಿಕವಾಗಿ ಇದೇ ಹೆಚ್ಚು ಕುತೂಹಲದ ಪಾತ್ರ.

ಕಟ್ಟಡ ಕಟ್ಟೋವಾಗ ಸಾರುವೆ ಹಾಕಿರ್ತಾರಲ್ಲ, ಉದ್ದುದ್ದ ಗಳು ನಿಲ್ಲಿಸಿ ಹಗ್ಗದಲ್ಲಿ ಬಿಗಿದು ಅದರ ಮೇಲೆ ಸಾಮಾನು ಸಾಗಿಸ್ತಾರೆ. ನರಕೋಶದ ಉದ್ದನೆ ಬಾಲದೊಳಗೂ ಅಂಥ ಗಳುಗಳಿವೆ, ಮೈಕ್ರೋಟ್ಯೂಬ್ಯೂಲ್ ಅಂತ, ಅದರ ಮೇಲೇ ಕೋಶದ ಒಂದು ತುದಿಯಿಂದ ಸಿನಾಪ್ಸ್ ತನಕ ಸಾಮಾನು ಸರಬರಾಜು ನಡೆಯೋದು. ಟಾವ್ ಆ ಗಳುಗಳಿಗೆ ಬಿಗಿದ ಹಗ್ಗ. 1975ರಲ್ಲಿ ಟಾವ್‌ನ ಮೊದಲು ಗುರುತಿಸಿದ್ದು ಈ ಒಳ್ಳೆ ಕೆಲಸಕ್ಕೇ, ಅಲ್ಝೈಮರ್ ಸಿಕ್ಕುಗಳು ಇದರಿಂದಲೇ ಆಗಿರೋದು ಅಂತ ಆಮೇಲೆ 1980ರ ದಶಕದಲ್ಲಿ ಗೊತ್ತಾಯ್ತು. ಹಗ್ಗ ಎಷ್ಟು ಬಿಗಿ ಇರ್ಬೇಕು ಅಂತ ನಿರ್ಧರಿಸೋದು ಫಾಸ್ಫೇಟ್ ಅನ್ನೋ ರಾಸಾಯನಿಕ ಗುಂಪು, ಒಂದೆರಡು ಅಂಟಿದ್ರೆ ಸಹಜ. ಅಲ್ಝೈಮರ್ ಮೆದುಳಿನ ಟಾವ್‌ನಲ್ಲಿ ಮಾಮೂಲಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಫಾಸ್ಫೇಟ್ ಅಂಟಿರತ್ತೆ, ಹಗ್ಗ ಗಳುವಿನಿಂದ ಜಾರತ್ತೆ, ಜಾರಿದ ಹಗ್ಗಗಳು ಒಂದಕ್ಕೊಂದು ಸುತ್ತಿ ಸಿಕ್ಕಾಗ್ತವೆ. ಎರಡು ಕಡೆಯಿಂದ ಪೆಟ್ಟು ಇದು, ಇತ್ತ ಸಾರುವೆ ಸಡಿಲ, ಅತ್ತ ದಾರಿಗಡ್ಡ ಸಿಕ್ಕಿನ ರಾಶಿ. ಸಿನಾಪ್ಸ್‌ಗೆ ಸಾಮಾನು ಹೋಗಲ್ಲ, ಮೊದಲು ಸಿನಾಪ್ಸ್ ಒಣಗತ್ತೆ, ಆಮೇಲೆ ಕೋಶನೇ ಸಾಯತ್ತೆ. ಕೋಶ ಸತ್ತು ಕರಗಿದ ಮೇಲೂ ಆ ಸಿಕ್ಕು ಮಾತ್ರ ಅದೇ ಆಕಾರದಲ್ಲಿ ಉಳ್ಕೊಂಡಿರತ್ತೆ, ಮೈಕ್ರೋಸ್ಕೋಪ್ ನೋಡೋರು ಅದಕ್ಕೆ ದೆವ್ವದ ಸಿಕ್ಕು ಅಂತಲೇ ಕರೀತಾರೆ. ಆಗುಸ್ಟೆ ಅವರ ಮೆದುಳಲ್ಲಿ ಅಲ್ಝೈಮರ್ ಕಂಡಿದ್ದರಲ್ಲಿ ಇದೂ ಒಂದು, ಕೋಶ ಇದ್ದ ಜಾಗದಲ್ಲಿ ಬರೀ ಎಳೆಗಳ ಕಟ್ಟು ಉಳಿದಿದೆ ಅಂತ ಅವರು ಬರೆದಿದಾರೆ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂತ ಬಂದಿರೋ ವಿಷಯ. ಗುಡ್ಡೆಗೂ ಸಿಕ್ಕಿಗೂ ಹುಟ್ಟೋ ಊರೇ ಬೇರೆ. ಗುಡ್ಡೆಗಳು ಮೊದಲು ಕಾಣಿಸ್ಕೊಳ್ಳೋದು ಮೆದುಳಿನ ಹೊರಪದರದಲ್ಲಿ, ಹಣೆ ಹಿಂದೆ, ನೆತ್ತಿ ಹಿಂಭಾಗದಲ್ಲಿ, ಹೀಗೆ ಅಗಲಕ್ಕೆ ಹರಡ್ಕೊಂಡು. ಸಿಕ್ಕು ಹಾಗಲ್ಲ. 1991ರಲ್ಲಿ ಹೈಕೊ ಬ್ರಾಕ್, ಎವಾ ಬ್ರಾಕ್ ಅನ್ನೋ ಜರ್ಮನ್ ದಂಪತಿ ತುಂಬಾ ಮೆದುಳುಗಳನ್ನ ಕೊಯ್ದು ನೋಡಿ ಸಿಕ್ಕು ಹರಡೋಕೆ ಒಂದು ಖಚಿತ ದಾರಿ ಇದೆ ಅಂತ ತೋರಿಸಿದ್ರು, ಆರು ಹಂತ. ಮೊದಲೆರಡು ಹಂತದಲ್ಲಿ ಹಿಪೊಕ್ಯಾಂಪಸ್‌ನ ಹೊಸ್ತಿಲಲ್ಲಿರೋ ಎಂಟೊರೈನಲ್ ಕಾರ್ಟೆಕ್ಸ್ ಅನ್ನೋ ಪುಟ್ಟ ಭಾಗ, ಮೂರು ನಾಲ್ಕರಲ್ಲಿ ಹಿಪೊಕ್ಯಾಂಪಸ್ ಮತ್ತೆ ಅದರ ಸುತ್ತಮುತ್ತ, ಐದು ಆರರಲ್ಲಿ ಇಡೀ ಹೊರಪದರ. ಈ ನಕ್ಷೆಯನ್ನ ಒಂದು ಕೈಲಿ ಹಿಡ್ಕೊಂಡು, ಮನೇಲಿ ನೀವು ನೋಡಿರೋ ಕಾಯಿಲೆಯನ್ನ ಇನ್ನೊಂದು ಕೈಲಿ ಹಿಡ್ಕೊಂಡು ನೋಡಿ, ಎರಡೂ ಎಷ್ಟು ಹೊಂದತ್ತೆ ಅಂತ.

ಎಂಟೊರೈನಲ್ ಕಾರ್ಟೆಕ್ಸ್ ಅಂದ್ರೆ ಹೊರಗಿನಿಂದ ಬರೋ ಸುದ್ದಿಯೆಲ್ಲ ಹಿಪೊಕ್ಯಾಂಪಸ್‌ಗೆ ಹೋಗೋ ಬಾಗಿಲು. ಮರೆವು ಇನ್ನೂ ತೀರಾ ಸ್ವಲ್ಪ ಇರೋವಾಗಲೇ ಅದರ ಎರಡನೇ ಪದರದ ನರಕೋಶಗಳಲ್ಲಿ ಸುಮಾರು ಶೇ. 60 ಹೋಗಿರ್ತವೆ ಅಂತ 1996ರ ಒಂದು ಅಧ್ಯಯನ ಎಣಿಸಿ ತೋರಿಸ್ತು. ಬಾಗಿಲು ಮುಚ್ಚೋಗಿದೆ, ಮೇಸ್ತ್ರಿಗೆ ಸುದ್ದಿನೇ ಬರ್ತಾ ಇಲ್ಲ. ಈಗ ಆ ಸಾಲು ನೆನೆಸ್ಕೊಳ್ಳಿ, ಶ್ರೀಮತಿ ಅಂತ ಬರೆದು ನಿಂತ್ಬಿಟ್ಟಿದ್ದು. ಇವರು ಮರೀತಾ ಇದಾರೆ ಅಂತ ನಾವು ಹೇಳ್ತೀವಿ, ಆದ್ರೆ ಬೆಳಗ್ಗೆ ನಡೆದಿದ್ದು ಒಳಗೆ ಬರೆದೇ ಇಲ್ಲದಿದ್ರೆ ಮರೆಯೋದು ಎಲ್ಲಿಂದ? ಒಂದೇ ಪ್ರಶ್ನೆ ಹತ್ತು ಸಲ ಕೇಳಿದ್ರು ಅಂತ ಮನೆಯವರು ರೇಗ್ತಾರೆ, ಅವರ ಪಾಲಿಗೆ ಅದು ಪ್ರತಿ ಸಲನೂ ಮೊದಲನೇ ಸಲವೇ. ಡಾಕ್ಟ್ರುಗಳು ಇದನ್ನ ಒಂದು ಸರಳ ಉಪಾಯದಿಂದ ಪತ್ತೆ ಮಾಡ್ತಾರೆ, ಕೆಲವು ಪದ ಹೇಳಿ ಸ್ವಲ್ಪ ಹೊತ್ತಾದ್ಮೇಲೆ ಕೇಳ್ತಾರೆ, ಬರದೇ ಇದ್ರೆ ಸುಳಿವು ಕೊಡ್ತಾರೆ, ಅದೊಂದು ಪ್ರಾಣಿ, ಅದೊಂದು ವಾದ್ಯ ಅಂತ. ಮಾಮೂಲಿ ವಯಸ್ಸಿನ ಮರೆವಾದ್ರೆ ಸುಳಿವು ಕೊಟ್ಟ ತಕ್ಷಣ ಹಾಂ ಅಂತ ಬಂದ್ಬಿಡತ್ತೆ, ಬರೆದಿದ್ದಿದೆ, ಹುಡುಕೋಕೆ ತಡ ಆಗ್ತಿತ್ತು ಅಷ್ಟೇ. ಈ ಕಾಯಿಲೇಲಿ ಸುಳಿವು ಕೊಟ್ರೂ ಪ್ರಯೋಜನ ಇಲ್ಲ.

ಹಳೇದು ಯಾಕೆ ಉಳಿಯತ್ತೆ? ಇಲ್ಲಿ ಮುಂದಿನ ಸಾಲಲ್ಲಿ ಕೂತಿರೋ ಒಬ್ಬರು ಚೀಟಿ ಕಳಿಸಿದಾರೆ, ಅವರ ತಾಯಿ ಒಂದು ಗಂಟೆ ಹಿಂದೆ ಯಾರು ಬಂದಿದ್ರು ಅಂತ ಹೇಳಲ್ಲವಂತೆ, ಸ್ಕೂಲಲ್ಲಿ ಪಕ್ಕ ಕೂರ್ತಿದ್ದವರ ಹೆಸರು ಸರಿಯಾಗಿ ಹೇಳ್ತಾರಂತೆ, ನಾಟಕ ಮಾಡ್ತಿದಾರೇನೋ ಅಂತ ಮನೇಲಿ ಕೆಲವರಿಗೆ ಅನುಮಾನ. ನಾಟಕ ಖಂಡಿತ ಅಲ್ಲ ಅಮ್ಮ. ಹಳೇ ನೆನಪು ವರ್ಷಗಳ ಕಾಲ ಮತ್ತೆ ಮತ್ತೆ ಬಂದು ಬಂದು ಹಿಪೊಕ್ಯಾಂಪಸ್‌ನ ಆಸರೆ ಅಷ್ಟಾಗಿ ಬೇಡ ಅನ್ನೋ ಹಂತಕ್ಕೆ ಹೊರಪದರದಲ್ಲಿ ಹರಡ್ಕೊಂಡಿರತ್ತೆ, ಸಿಕ್ಕು ಅಲ್ಲಿಗೆ ತಲುಪೋದು ಕೊನೆಗೆ. ಹೊಸದು ಮೊದಲು ಹೋಗತ್ತೆ ಹಳೇದು ಆಮೇಲೆ ಅಂತ ಫ್ರಾನ್ಸ್‌ನ ಮನಶ್ಶಾಸ್ತ್ರಜ್ಞ ಥಿಯೊಡ್ಯೂಲ್ ರಿಬೊ 1881ರಲ್ಲೇ ಹೇಳಿದ್ರು, ಅವರಿಗೆ ಟಾವೂ ಗೊತ್ತಿಲ್ಲ ಬ್ರಾಕ್ ಹಂತನೂ ಗೊತ್ತಿಲ್ಲ, ಬರೀ ರೋಗಿಗಳನ್ನ ಗಮನಿಸಿ ಹೇಳಿದ್ದು.

ದಾರಿ ತಪ್ಪೋದಕ್ಕೂ ಇದೇ ಜಾಗ ಕಾರಣ. ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ಗ್ರಿಡ್ ಕೋಶ ಅಂತಿವೆ, ನೀವು ನಡೀತಾ ಇದ್ರೆ ನೆಲಕ್ಕೆ ಚೌಕಾಬಾರಾ ಮನೆ ಹಾಕಿದ ಹಾಗೆ ಅಳತೆ ಹಾಕ್ತಾ ಇರ್ತವೆ (ನಿಜವಾಗಿ ಅವು ಹಾಕೋದು ತ್ರಿಕೋನದ ಮನೆ), ಹಿಪೊಕ್ಯಾಂಪಸ್‌ನಲ್ಲಿ ಈಗ ಎಲ್ಲಿದೀನಿ ಅಂತ ಹೇಳೋ ಕೋಶಗಳಿವೆ. ಇದನ್ನ ಕಂಡುಹಿಡಿದಿದ್ದಕ್ಕೆ ಜಾನ್ ಓಕೀಫ್, ಮೇ ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಸಿಕ್ಕು ಮೊದಲು ಬೀಳೋದೇ ಈ ನಕ್ಷೆಯ ಮೇಲೆ, ಹಾಗಾಗಿ ಮೂವತ್ತು ವರ್ಷ ಓಡಾಡಿದ ರಸ್ತೇಲಿ ನಿಂತು ಯಾವ ಕಡೆ ತಿರುಗ್ಬೇಕು ಅಂತ ತಿಳಿಯಲ್ಲ.

ಕೆಲವರಲ್ಲಿ ಸಿಕ್ಕು ಈ ದಾರಿ ಬಿಟ್ಟು ಮೆದುಳಿನ ಹಿಂಭಾಗದಲ್ಲಿ ಹೆಚ್ಚಾಗಿ ಕೂರತ್ತೆ. ಅಂಥವರಿಗೆ ಮೊದಮೊದಲು ನೆನಪು ಚೆನ್ನಾಗೇ ಇರತ್ತೆ, ಆದ್ರೆ ಕಣ್ಣು ಸರಿ ಇದ್ರೂ ಎದುರಿಗಿರೋ ವಸ್ತು ಸರಿಯಾಗಿ ಕಾಣಲ್ಲ, ಓದ್ತಾ ಓದ್ತಾ ಸಾಲು ತಪ್ಪತ್ತೆ, ಕನ್ನಡಕ ಬದಲಾಯಿಸಿ ಬದಲಾಯಿಸಿ ಸಾಕಾಗಿರತ್ತೆ. ಅದೇ ಪ್ರೋಟೀನ್, ಅದೇ ಕಾಯಿಲೆ, ಜಾಗ ಮಾತ್ರ ಬೇರೆ. ಬದುಕಿರೋರ ಮೆದುಳಲ್ಲಿ ಟಾವ್ ಎಲ್ಲಿದೆ ಅಂತ ಈಗ ಸ್ಕ್ಯಾನ್‌ನಲ್ಲಿ ನೋಡಬಹುದು, ಅದರಲ್ಲಿ ಕಂಡಿದ್ದೂ ಇದೇ, ಮೆದುಳು ಮುಂದೆ ಎಲ್ಲಿ ಕುಗ್ಗತ್ತೆ ಅನ್ನೋದನ್ನ ಟಾವ್ ಇರೋ ಜಾಗ ಹೇಳ್ತು, ಅಮಿಲಾಯ್ಡ್ ಇರೋ ಜಾಗ ಹೇಳಲಿಲ್ಲ.

ಹಾಗಾದ್ರೆ ಅಮಿಲಾಯ್ಡ್ ಏನು ಮಾಡ್ತಾ ಇದೆ ಅಂತ ಕೇಳ್ತೀರಿ. ಅಮಿಲಾಯ್ಡ್ ಚಾಡಿ ಹೇಳೋನು, ಟಾವ್ ಹೊಡೆದಾಡೋನು. ಎಂಟೊರೈನಲ್‌ನಲ್ಲಿ ಸ್ವಲ್ಪ ಟಾವ್ ಸಿಕ್ಕು ವಯಸ್ಸಾದ ಹೆಚ್ಚುಕಡಿಮೆ ಎಲ್ಲರಲ್ಲೂ ಸಿಗತ್ತೆ, ಅದು ಅಲ್ಲೇ ಇದ್ರೆ ಅಂಥ ಅನಾಹುತ ಇಲ್ಲ, ಅಮಿಲಾಯ್ಡ್ ಹೊರಪದರದ ತುಂಬ ಸೇರ್ಕೊಂಡಾಗ ಟಾವ್ ತನ್ನ ಊರು ಬಿಟ್ಟು ಹೊರಗೆ ಹರಡೋಕೆ ಶುರು ಮಾಡತ್ತೆ. ಇವರಿಬ್ಬರ ಮಧ್ಯೆ ಮೈಕ್ರೋಗ್ಲಿಯಾ ಅಂತ ಮೆದುಳಿನ ಕಾವಲು ಕೋಶಗಳಿವೆ, ಗುಡ್ಡೆ ಸುತ್ತ ಬೇಲಿ ಕಟ್ಟೋದೂ ಅವೇ, ಕೆರಳಿದ್ರೆ ಒಳ್ಳೆ ಸಿನಾಪ್ಸ್‌ನೂ ಸೇರಿಸಿ ನುಂಗೋದೂ ಅವೇ.

ಚಾಡಿ ಹೇಳೋನು ಇದ್ದೂ ಜಗಳ ಆಗದ ಮನೆಗಳೂ ಇವೆ. ನೆನಪು ಸರಿಯಾಗಿರೋರನ್ನ ಸ್ಕ್ಯಾನ್ ಮಾಡಿ ನೋಡಿದ್ರೆ 50ನೇ ವಯಸ್ಸಲ್ಲಿ ಸುಮಾರು ಶೇ. 10, 90ನೇ ವಯಸ್ಸಲ್ಲಿ ಸುಮಾರು ಶೇ. 44 ಜನರಲ್ಲಿ ಅಮಿಲಾಯ್ಡ್ ಇರತ್ತೆ. ಕೊಲಂಬಿಯಾದಲ್ಲಿ ಒಂದು ದೊಡ್ಡ ವಂಶ ಇದೆ, ಅವರಲ್ಲಿ ಪ್ರಿಸೆನಿಲಿನ್ 1 ಅನ್ನೋ ಜೀನ್‌ನ ದೋಷದಿಂದ 44ರ ಆಸುಪಾಸಿಗೇ ಮರೆವು ಶುರುವಾಗತ್ತೆ. ಅದೇ ದೋಷ ಇದ್ದ ಒಬ್ಬ ಹೆಂಗಸಿಗೆ ಮಾತ್ರ 70 ದಾಟೋವರೆಗೂ ಏನೂ ಆಗಲಿಲ್ಲ. ಸ್ಕ್ಯಾನ್ ಮಾಡಿದ್ರೆ ಅಮಿಲಾಯ್ಡ್ ವಿಪರೀತ, ಟಾವ್ ತೀರಾ ಕಮ್ಮಿ. ಅಪೋ-ಇ ಅನ್ನೋ ಇನ್ನೊಂದು ಜೀನ್‌ನಲ್ಲಿ ಅವರಿಗೆ ಕ್ರೈಸ್ಟ್‌ಚರ್ಚ್ ಅನ್ನೋ ಅಪರೂಪದ ಬದಲಾವಣೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದಿತ್ತು. 2019ರಲ್ಲಿ ಈ ವರದಿ ಬಂದಾಗ ನಾನು ಅದನ್ನ ಎರಡು ಸಲ ಓದಿದೆ, ನಂಬೋಕೆ ಆಗಲಿಲ್ಲ.

ನನ್ನ ವಾದಕ್ಕೆ ಅಡ್ಡ ಬರೋ ಕೇಸನ್ನೂ ಹೇಳ್ಬಿಡ್ತೀನಿ, ಮುಚ್ಚಿಡೋದು ಸರಿಯಲ್ಲ. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ ಅನ್ನೋರು 678 ಕ್ರೈಸ್ತ ಸನ್ಯಾಸಿನಿಯರನ್ನ ವರ್ಷಗಟ್ಟಲೆ ಗಮನಿಸಿದ್ರು, ಅದರಲ್ಲಿ ಸಿಸ್ಟರ್ ಮೇರಿ ಅನ್ನೋರು 101 ವರ್ಷ ಬದುಕಿದ್ರು, ಪರೀಕ್ಷೆಗಳಲ್ಲಿ ಒಳ್ಳೇ ಅಂಕ ತಗೊಂಡವರು. ಸತ್ತ ಮೇಲೆ ಮೆದುಳು ನೋಡಿದ್ರೆ ಗುಡ್ಡೆನೂ ಬೇಕಾದಷ್ಟು ಸಿಕ್ಕೂ ಬೇಕಾದಷ್ಟು. ಹಾಗಾಗಿ ಪ್ರೋಟೀನ್ ಲೆಕ್ಕ ಒಂದೇ ಸಾಲಲ್ಲ, ಎಷ್ಟು ಸಿನಾಪ್ಸ್ ಉಳಿದಿದೆ, ಒಂದು ದಾರಿ ಮುಚ್ಚಿದ್ರೆ ಸುತ್ತು ಬಳಸಿ ಹೋಗೋಕೆ ಇನ್ನೆಷ್ಟು ದಾರಿ ಇದೆ ಅನ್ನೋದೂ ಲೆಕ್ಕಕ್ಕೆ ಬರತ್ತೆ. ರಾಬರ್ಟ್ ಟೆರಿ ಅನ್ನೋ ವಿಜ್ಞಾನಿ 1991ರಲ್ಲಿ ತೋರಿಸಿದ್ದೂ ಅದೇ, ಬುದ್ಧಿ ಎಷ್ಟು ಕುಂದಿದೆ ಅನ್ನೋದಕ್ಕೆ ಅತ್ಯಂತ ಹತ್ತಿರ ಹೊಂದೋ ಅಳತೆ ಕಳೆದುಹೋದ ಸಿನಾಪ್ಸ್‌ಗಳದ್ದು.

ಔಷಧಿ ಬಗ್ಗೆ ಕೇಳೇ ಕೇಳ್ತೀರಿ, ಚಿಕ್ಕದಾಗಿ ಹೇಳ್ತೀನಿ. ಅಮಿಲಾಯ್ಡ್ ವಿರುದ್ಧ ಮೊದಲ ಲಸಿಕೆ ಪರೀಕ್ಷೆಯನ್ನ 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ್ರು, ಶೇ. 6ರಷ್ಟು ಜನರಿಗೆ ಮೆದುಳಿನ ಉರಿಯೂತ ಆಯ್ತು. ಆ ಲಸಿಕೆ ತಗೊಂಡಿದ್ದ ಕೆಲವರು ಮುಂದೆ ತೀರ್ಕೊಂಡಾಗ ನೋಡಿದ್ರೆ ಗುಡ್ಡೆಗಳು ಹೆಚ್ಚುಕಮ್ಮಿ ಪೂರ್ತಿ ಮಾಯ, ಆದ್ರೆ ಸಾಯೋ ಮುಂಚೆ ಮರೆವು ಮಾತ್ರ ಕೊನೇ ಹಂತಕ್ಕೆ ಹೋಗಿತ್ತು. ಜಗಳ ಹತ್ತಿದ ಮೇಲೆ ಚಾಡಿ ಹೇಳಿದೋನನ್ನ ಊರು ಬಿಡಿಸಿ ಏನು ಬಂತು. ಈಗಿನ ಲೆಕಾನೆಮ್ಯಾಬ್ ಅನ್ನೋ ಔಷಧಿ ಕಾಯಿಲೆಯ ಮೊದಲ ಹಂತದಲ್ಲಿರೋರಿಗೆ, 1,795 ಜನರ ಪರೀಕ್ಷೇಲಿ 18 ತಿಂಗಳಲ್ಲಿ ಕಾಯಿಲೆ ಶೇ. 27 ನಿಧಾನ ಆಯ್ತು. ಕೇಳೋಕೆ ದೊಡ್ಡದು, ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅಳೆಯೋ 18 ಅಂಕದ ಅಳತೇಲಿ ವ್ಯತ್ಯಾಸ 0.45. ಔಷಧಿ ತಗೊಂಡವರಲ್ಲಿ ಶೇ. 12.6 ಜನರ ಮೆದುಳಲ್ಲಿ ಊತ ಕಾಣಿಸ್ಕೊಳ್ತು, ಬಹುಪಾಲು ಜನರಿಗೆ ಅದು ಸ್ಕ್ಯಾನ್‌ನಲ್ಲಷ್ಟೇ ಗೊತ್ತಾಗಿದ್ದು, ಕೆಲವರಿಗೆ ಗಂಭೀರ. ಹೋದ ನೆನಪು ವಾಪಸ್ ಬರಲ್ಲ. ನಾನು ಇದನ್ನ ಪವಾಡ ಅಂತಲೂ ಹೇಳಲ್ಲ, ಮೋಸ ಅಂತಲೂ ಹೇಳಲ್ಲ, ಅಮಿಲಾಯ್ಡ್ ತೆಗೆದ್ರೆ ಸ್ವಲ್ಪವಾದ್ರೂ ಫಲ ಇದೆ ಅಂತ ಮನುಷ್ಯರಲ್ಲಿ ಕೊನೆಗೂ ಗೊತ್ತಾಯ್ತು. ಗುಡ್ಡೆ ಕಟ್ಟೋಕೆ ಶುರುವಾಗೋದು ಮರೆವು ಕಾಣಿಸೋದಕ್ಕೆ 15-20 ವರ್ಷ ಮುಂಚೆ, ಹಾಗಾಗಿ ಎಲ್ಲರ ಗಮನ ಈಗ ಮುಂಚಿತವಾಗಿ ಹಿಡಿಯೋದರ ಮೇಲೆ. ರಕ್ತದಲ್ಲಿ ಪಿ-ಟಾವ್ 217 ಅನ್ನೋ ಫಾಸ್ಫೇಟ್ ಅಂಟಿದ ಟಾವ್ ಅಳೆಯೋ ಪರೀಕ್ಷೆ ಬಂದಿದೆ, ಇದನ್ನ ಬಳಸೋ ಒಂದು ರಕ್ತಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮತಿನೂ ಸಿಕ್ತು, ಅದೂ ಮರೆವಿನ ಲಕ್ಷಣ ಇರೋರಿಗೆ ಮಾತ್ರ. ಲಕ್ಷಣ ಇಲ್ಲದೋರು ಹೆದರ್ಕೊಂಡು ಹೋಗಿ ಮಾಡಿಸ್ಬೇಡಿ.

ಕೊನೇ ಚೀಟಿ, ಅದೇ ತಾಯಿಯ ಮಗಳದ್ದು ಅನ್ಸತ್ತೆ. ಹೋಗಿ ನೋಡ್ಕೊಂಡು ಬಂದ ಹತ್ತು ನಿಮಿಷಕ್ಕೆ ಬಂದಿದ್ದೇ ಮರೀತಾರೆ, ಹಾಗಿದ್ಮೇಲೆ ಹೋಗಿ ಏನು ಉಪಯೋಗ ಅಂತ ಕೇಳಿದಾರೆ. 2014ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಅಲ್ಝೈಮರ್ ಇರೋ 17 ಜನರಿಗೆ ಮನಸ್ಸು ಕಲಕೋ ಥರದ ಸಿನಿಮಾ ತುಣುಕುಗಳನ್ನ ತೋರಿಸಿದ್ರು, ಒಂದು ಸಲ ದುಃಖದ್ದು, ಇನ್ನೊಂದು ಸಲ ಖುಷಿಯದ್ದು. ಐದು ನಿಮಿಷ ಆದ್ಮೇಲೆ ಏನು ನೋಡಿದ್ರಿ ಅಂದ್ರೆ ಹೆಚ್ಚಿನವರಿಗೆ ವಿವರ ನೆನಪಿಲ್ಲ, ಒಬ್ಬರಿಗಂತೂ ಸಿನಿಮಾ ನೋಡಿದ್ದೇ ನೆನಪಿಲ್ಲ. ಆದ್ರೆ ಬೇಜಾರು ಬೇಜಾರಾಗೇ ಇತ್ತು, ಖುಷಿ ಖುಷಿಯಾಗೇ ಇತ್ತು, ಅರ್ಧ ಗಂಟೆವರೆಗೂ. ಸಿನಿಮಾ ಎಷ್ಟು ಕಮ್ಮಿ ನೆನಪಿತ್ತೋ ಅವರಲ್ಲಿ ದುಃಖ ಅಷ್ಟು ಹೆಚ್ಚು ಹೊತ್ತು ಉಳ್ಕೊಂಡಿತ್ತು. ನೀವು ಬಂದಿದ್ದು ಅವರಿಗೆ ನೆನಪಿರಲ್ಲ, ನೀವು ಎದ್ದು ಹೋದ್ಮೇಲೆ ಅವರ ಮುಖ ಹೇಗಿತ್ತು ಅಂತ ಅಲ್ಲೇ ಇರೋರನ್ನ ಒಂದು ಸಲ ಕೇಳಿ ನೋಡಿ.